ಸ್ಟೇರಿಂಗ್ ಇಲ್ಲದ ಅಂಬಾಸಿಡರ್

ಸೀಳು ಕೊರೆದ ಟ್ರ್ಯಾಕಿನಲ್ಲಿ ರೇಸ್ ಓಡುವ ಪುಟ್ಟ ಮಾದರಿ ಕಾರೇ ಸ್ಲಾಟ್ ಕಾರು. ಅದಕ್ಕೆ ಸ್ಟೇರಿಂಗೂ ಇಲ್ಲ, ಬ್ಯಾಟರಿಯೂ ಇಲ್ಲ. ಹಲಗೆಯಲ್ಲಿ ಕೊರೆದ 3 ಮಿ.ಮೀ. ಅಗಲದ ಸೀಳಿನೊಳಗೆ ಮೂತಿಯಡಿಯ ಗೈಡ್ ಎಂಬ ನಾಲಗೆ ಇಳಿದಿರುತ್ತದೆ. ಸೀಳಿನ ಆಚೀಚೆ ಅಂಟಿಸಿದ ತಾಮ್ರದ ಪಟ್ಟಿಯಿಂದ 12 ವೋಲ್ಟ್ ಕರೆಂಟು ಸಿಗುತ್ತದೆ. ಓಡಿಸುವವರ ಕೈಯಲ್ಲಿರುವುದು ವೇಗ ಒಂದೇ. ಹಾಗಾಗಿ ಕಾರು ಓಡುವುದು ಇಲ್ಲಿ ದೊಡ್ಡ ಸಂಗತಿಯಲ್ಲ, ತಿರುವಿನಲ್ಲಿ ಹಾರದೆ ಉಳಿಯುವುದೇ ಸಂಗತಿ.

ಇದು ಗೊತ್ತಿದ್ದೂ ಕಾಸರಗೋಡಿನ ಕಡೆಯವರಿಗೆ ಕಾರು ಎಂದೊಡನೆ ಮನಸ್ಸು ಹೋಗುವುದು ಬದಿಯಡ್ಕ, ಪೆರ್ಲದ ಸ್ಟಾಂಡಿನಲ್ಲಿ ನಿಲ್ಲುತ್ತಿದ್ದ ಅಂಬಾಸಿಡರಿಗೇ. ಸ್ಲಾಟ್ ಕಾರಿನ ಹೆಸರಾಂತ ಬ್ರಾಂಡ್ ಸ್ಕೇಲೆಕ್ಸ್‌ಟ್ರಿಕ್ 1957ರಲ್ಲಿ ಬಂದಾಗ ಅದರ ಮೊದಲ ಗಾಡಿಗಳಲ್ಲೊಂದು ನೆಲ ನೆಕ್ಕುವಂತಿದ್ದ ರೇಸ್ ಕಾರು ಮಸೆರಾಟಿ 250ಎಫ್. ಅದರೆದುರು ಅಂಬಾಸಿಡರಿನ ಗುಂಡು ಮಾಡು (ಛಾವಣಿ) ರೇಸಿಗೆ ಹೇಳಿ ಮಾಡಿಸಿದ ಅಪಶಕುನ. ಆದರೂ ಅದರದ್ದೇ ಸ್ಲಾಟ್ ಕಾರು ಮಾಡಬೇಕು. ಎಲ್ಲರೂ ಮಾಡುವುದನ್ನೇ ಮಾಡುವುದಾದರೆ ಡಬ್ಬಿಯಲ್ಲಿ ಬರುವುದನ್ನೇ ಕೊಂಡರಾಯಿತು.

1:32ರ ಲೆಕ್ಕದಲ್ಲಿ, ಅಂದರೆ ನಿಜ ಕಾರಿನ 32ನೇ ಒಂದು ಪಾಲಿನಲ್ಲಿ, ಅಂಬಾಸಿಡರಿನ 2464 ಮಿ.ಮೀ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 77ಕ್ಕೆ ಇಳಿಯುತ್ತದೆ. ಉದ್ದ ಸುಮಾರು 135, ಅಗಲ 52. ಈ 52ರಲ್ಲಿ ಎರಡೂ ಹಿಂಚಕ್ರ ಕಳೆದರೆ ಮೋಟಾರನ್ನು ಅಡ್ಡ ಇಡಲು ಜಾಗ ಸಾಲದು, ಉದ್ದಕ್ಕೇ ಕೂರಿಸಬೇಕು. ಆಟಿಕೆಯಿಂದ ಕಿತ್ತ 3 ವೋಲ್ಟಿನ ಮೋಟಾರು ಬೇಡ. 12 ವೋಲ್ಟ್ ಕೊಟ್ಟರೆ ಅದು ನಾಲ್ಕು ಸುತ್ತು ಗಾಳಿಯಂತೆ ಹೋಗಿ, ಬ್ರಷ್ ಸುಟ್ಟುಕೊಂಡು ನಿಲ್ಲುತ್ತದೆ.

ಚಾಸಿಗೆ 1 ಮಿ.ಮೀ. ಹಿತ್ತಾಳೆ ತಗಡು, 1.5 ಮಿ.ಮೀ. ಪಿಯಾನೋ ವಯರು ಎಂಬ ಗಟ್ಟಿ ಉಕ್ಕಿನ ತಂತಿ. ಇವನ್ನು ಕನ್ನಡಿ ಅಂಗಡಿಯಿಂದ ತಂದ 5 ಮಿ.ಮೀ. ಗಾಜಿನ ಮೇಲಿಟ್ಟು ಅಳೆಯುತ್ತಾ ಹೋಗಬೇಕು, ಗಾಜಿಗಿಂತ ಸಪಾಟಾದ ವಸ್ತು ಮನೆಯಲ್ಲಿ ಬೇರಿಲ್ಲ. ಬೆಸುಗೆ ಮಾತ್ರ ಹಲಗೆಯ ಮೇಲೆ, ಗಾಜು ಬಿಸಿಗೆ ಒಡೆಯುತ್ತದೆ. ರೇಡಿಯೋ ರಿಪೇರಿಯ 25 ವ್ಯಾಟಿನ ಬೆಸುಗೆ ಕಬ್ಬಿಣದ ಬಿಸಿಯನ್ನೆಲ್ಲ ಹಿತ್ತಾಳೆ ಕುಡಿದುಬಿಡುತ್ತದೆ. ಸೀಸ ಮಣಿಯಾಗಿ ಮೇಲೆ ಕೂರುತ್ತದೆಯೇ ಹೊರತು ಹರಿಯುವುದಿಲ್ಲ, ಮೊದಲ ಡಿಕ್ಕಿಗೇ ಕಳಚುತ್ತದೆ. 60 ವ್ಯಾಟ್ ಬೇಕು, ಬೆಸುಗೆ ಹರಿದು ಹಿಡಿಯುವಂತೆ ಹಚ್ಚುವ ಆ್ಯಸಿಡ್ ಫ್ಲಕ್ಸ್ ಬೇಕು. ಮುಗಿದ ಕೂಡಲೇ ಸೋಡಾಪುಡಿ ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಬೇಕು. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಊರಿದು. ತೊಳೆಯದೆ ಬಿಟ್ಟ ಉಕ್ಕಿನ ವಯರು ಮಳೆಗಾಲದ ಆಟಿ ತಿಂಗಳು ಕಳೆಯುವಷ್ಟರಲ್ಲಿ ಕೆಂಪು ಮುರಕಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ.

ಮೋಟಾರಿನ ತುದಿಯ ಪುಟ್ಟ ಗಿಯರು ಪಿನಿಯನ್ 9 ಹಲ್ಲು, ಹಿಂದಿನ ಆಕ್ಸಲಿನ ದೊಡ್ಡ ಗಿಯರು ಕ್ರೌನ್ 27 ಹಲ್ಲು ಆದರೆ ಒಳ್ಳೆಯ ಜೋಡಿ. ಎರಡರ ನಡುವೆ ಪೇಪರಿನ ತೆಳು ಚೂರು ಸಿಕ್ಕಿಸಿ ಬಿಗಿದು, ಆಮೇಲೆ ಎಳೆದು ತೆಗೆದರೆ ಬೇಕಾದಷ್ಟೇ ಸಂದು ಉಳಿಯುತ್ತದೆ. ಕಿರುಚಿದರೆ ಬಿಗಿ ಹೆಚ್ಚಾಗಿದೆ, ಕರಕರ ಅಂದರೆ ಸಡಿಲ. ಸಡಿಲವೇ ಹೆಚ್ಚು ಅಪಾಯ, ಹಲ್ಲು ತಿಂದುಹಾಕುತ್ತದೆ.

ನಿಜವಾದ ಜಾಣತನ ಇರುವುದು ಮುಂಭಾಗದಲ್ಲಿ. ಗೈಡ್ ಮುಂಚಕ್ರಗಳಿಗಿಂತ ಮುಂದಿರಬೇಕು, ಬಂಪರಿನ ಹಿಂದೆಯೇ ಇದ್ದರೂ ಸರಿ. ಮುಂಭಾಗದ ಭಾರವೆಲ್ಲ ಗೈಡ್ ಮೇಲೇ ಬೀಳಬೇಕು, ಮುಂಚಕ್ರ ನೆಲಕ್ಕೆ ತಾಗಿಯೂ ತಾಗದಂತಿರಬೇಕು. ಚಕ್ರ ಭಾರ ಹೊತ್ತಿತೋ, ಗೈಡ್ ಎದ್ದು ಕಾರು ಸೀದಾ ಅಟ್ಟದ ಕಡೆಗೆ. ಮುಂದಿನ ಟಯರಿಗೆ ಉಗುರು ಬಣ್ಣ ಹಚ್ಚಿ ನುಣುಪು ಮಾಡುವುದೂ ಇದಕ್ಕೇ, ಹಿಡಿತ ಕಡಿಮೆಯಾದಷ್ಟೂ ತಿರುವಿನಲ್ಲಿ ಅಡ್ಡಿ ಕಡಿಮೆ. ಹಿಂದಿನ ಟಯರಿನದು ಇದಕ್ಕೆ ತದ್ವಿರುದ್ಧ. ಅದನ್ನು ಗಾಜಿಗೆ ಅಂಟಿಸಿದ ಮರಳುಕಾಗದದ ಮೇಲೆ ಕಾರಿನ ಮೋಟಾರಿನಿಂದಲೇ ನಿಧಾನ ತಿರುಗಿಸಿ ಉರುಟು ಮಾಡಬೇಕು. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲಿ ಅದನ್ನು ಮುಟ್ಟಬಾರದು. ಈ ಊರಲ್ಲಿ ಅದು ಕಷ್ಟದ ವ್ರತವೇ ಸೈ.

ಕೆಲವರು ಕಾರಿನ ತಳಕ್ಕೆ ಅಯಸ್ಕಾಂತ ಸಿಕ್ಕಿಸಿ ನೆಮ್ಮದಿಯಾಗುತ್ತಾರೆ. ಉಕ್ಕಿನ ರೈಲಿರುವ ಪ್ಲಾಸ್ಟಿಕ್ ಟ್ರ್ಯಾಕಿನಲ್ಲಿ ಅದು ನಡೆಯುತ್ತದೆ. ತಾಮ್ರವನ್ನು ಅಯಸ್ಕಾಂತ ಸೆಳೆಯುವುದಿಲ್ಲವಾದ್ದರಿಂದ ನಮ್ಮ ಹಲಗೆಯ ಮೇಲೆ ಅದು ಬರೀ ಭಾರ. ಭಾರವೇ ಬೇಕಾದರೆ ಮೋಟಾರಿನ ಎರಡೂ ಮಗ್ಗುಲಿಗೆ, ಚಾಸಿಯ ಮಟ್ಟದಲ್ಲಿ ಸೀಸದ ಚೂರು ಅಂಟಿಸಿ.

ಬಾಡಿ 10 ಗ್ರಾಂ ಮೀರಿದರೆ ಆ ಎತ್ತರದ ಮಾಡು ಗಾಡಿಯನ್ನು ಮಗುಚಿಹಾಕುತ್ತದೆ. ಹಾಲೆಮರದ ತುಂಡನ್ನು ಕೆತ್ತಿ ಅಚ್ಚು ಮಾಡಿ, ಕಾಯಿಸಿ ಜೋತುಬಿದ್ದ 0.5 ಮಿ.ಮೀ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಅದಕ್ಕೆಳೆಯುವುದು ಸುಲಭದ ದಾರಿ. ಅಂಬಾಸಿಡರಿನ ಹೊಟ್ಟೆ ಉಬ್ಬಿ ಕೆಳಗೆ ಒಳಸರಿಯುವುದರಿಂದ ಹಾಳೆ ಅಚ್ಚನ್ನು ಕಚ್ಚಿ ಹಿಡಿಯುತ್ತದೆ. ಅಚ್ಚನ್ನು ಮೊದಲೇ ಉದ್ದಕ್ಕೆ ಮೂರು ಸೀಳು ಮಾಡಿದ್ದರೆ ನಡುವಿನದು ಮೊದಲು ಹೊರಗೆ, ಉಳಿದೆರಡು ಹಿಂದೆಯೇ. ಬಣ್ಣ ಒಳಗಿನಿಂದ: ಮೊದಲು ಗ್ರಿಲ್ಲಿನ ಗೆರೆ, ದೀಪ, ಆಮೇಲೆ ಬಿಳಿ, ಕೊನೆಗೆ ಬೆಳಕು ತೂರದಂತೆ ಬೆಳ್ಳಿ ಬಣ್ಣದ ಒಂದು ಕೋಟು.

ಬಾಡಿ ಕೂರಿಸುವಾಗ ಸ್ಕ್ರೂಗಳನ್ನು ಪೂರ್ತಿ ಬಿಗಿದು, ತಲಾ ಅರ್ಧ ಸುತ್ತು ಹಿಂದಕ್ಕೆ ಬಿಡಬೇಕು. ಬಾಡಿ ಚಾಸಿಯ ಮೇಲೆ ಸ್ವಲ್ಪ ಅಲುಗಾಡಿದರೆ ಅದರುವಿಕೆ ಅಲ್ಲೇ ಸಾಯುತ್ತದೆ, ಹಿಂಚಕ್ರ ನೆಲ ಬಿಡುವುದಿಲ್ಲ. ಓಡುವಾಗ ಗಡಗಡ ಸದ್ದು ಬರುತ್ತದಲ್ಲ ಎಂದರೆ, ಅಂಬಾಸಿಡರ್ ಅಂದ ಮೇಲೆ ಬರಬೇಡವೇ ಮಾರಾಯ್ರೆ!