ಆನ್‌ಲೈನ್ ಪಾಠಕ್ಕೂ ಒಬ್ಬ ಮೇಷ್ಟ್ರು ಬೇಕು

ನಾನಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಊರು ಧಾರವಾಡದ ಕಡೆ. ಎರಡೂ ಕಡೆ ನಮ್ಮ ಮನೆಯ ಮಕ್ಕಳು ಕಾಲೇಜು ಓದುತ್ತಿದ್ದಾರೆ. ಇಬ್ಬರ ಫೋನಿನಲ್ಲೂ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂ, ಐಐಟಿಗಳು ನಡೆಸುವ ಎನ್‌ಪಿಟಿಇಎಲ್, ಇವುಗಳ ಪಾಠಗಳಿವೆ. ಆದರೆ ಅದರ ಕಡೆ ವಾಲಿದ ಕಾರಣ ಒಬ್ಬೊಬ್ಬರದು ಒಂದೊಂದು.

ಮುಂಬೈಯಲ್ಲಿ ದೊಡ್ಡ ಕಾರಣ ಲೋಕಲ್ ಟ್ರೈನ್. ತಂಗಿಯ ಮಗಳು ರಾತ್ರಿಯೇ ಮನೆಯ ವೈಫೈನಲ್ಲಿ ವಿಡಿಯೊ ಇಳಿಸಿಕೊಂಡು ಇಟ್ಟಿರುತ್ತಾಳೆ. ಬೆಳಿಗ್ಗೆ ಗರ್ದಿಯಲ್ಲಿ ಫೋನ್ ಹೊರಗೆ ತೆಗೆಯಲೂ ಆಗದಿದ್ದರೆ ಇಯರ್‌ಫೋನ್ ಹಾಕಿಕೊಂಡು ಸುಮ್ನೆ ಕೇಳುತ್ತಾಳೆ. ಸೀಟು ಸಿಕ್ಕಿದರೆ ತಿಳಿಯದ ಭಾಗವನ್ನು ಮತ್ತೆ ನೋಡುತ್ತಾಳೆ. "ಮಾಮಾ, ಕ್ಲಾಸಿನ್ಯಾಗ ಸರ್‌ಗೆ ಸ್ವಲ್ಪ ನಿಲ್ಲಸ್ರಿ ಅನ್ನಲಿಕ್ಕೆ ಆಗೂದಿಲ್ಲ. ಇಲ್ಲಿ ನಾನೇ ನಿಲ್ಲಸ್ತೀನಿ" ಅನ್ನುತ್ತಾಳೆ. ಅಷ್ಟು ಉಪಯೋಗ ಕಂಡ ಮೇಲೆ ಯಾರೂ ಒತ್ತಾಯ ಮಾಡಬೇಕಿಲ್ಲ, ಅಲ್ವಾ?

ಧಾರವಾಡದಲ್ಲಿ ಅಣ್ಣನ ಮಗ ಹಾಸ್ಟೆಲ್ ಹುಡುಗ. ಅವನಿಗೆ ಪ್ರಯಾಣದ ತಾಪತ್ರಯ ಇಲ್ಲ. ಅವರ ಸರ್ ಒಂದು ಕೋರ್ಸ್ ಹೆಸರು ಹೇಳಿದರು, ಗೆಳೆಯರೆಲ್ಲ ಒಟ್ಟಿಗೆ ಸೇರಿಕೊಂಡರು. ವಾರದ ಅಸೈನ್‌ಮೆಂಟ್‌ಗೆ ಒಂದೇ ರೂಮಿನಲ್ಲಿ ಕೂರುತ್ತಾರೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ವಾಟ್ಸಾಪ್ ಗುಂಪಿನಲ್ಲಿ ಕೇಳುತ್ತಾರೆ. ಸರ್ ಕನ್ನಡದಲ್ಲೇ ವಾಯ್ಸ್ ಮೆಸೇಜ್ ಕಳಿಸುತ್ತಾರೆ.

ಹೊಸ ತಂತ್ರಜ್ಞಾನವನ್ನು ಜನ ಯಾಕೆ ಒಪ್ಪುತ್ತಾರೆ ಅಂತ ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲೇ ಬರೆದರು. ಬಳಸಲು ಸುಲಭ ಅನ್ನುವುದಕ್ಕಿಂತ ಉಪಯೋಗ ಇದೆ ಅನ್ನುವುದಕ್ಕೇ ತೂಕ ಜಾಸ್ತಿ ಅಂತ ಅವರಿಗೆ ಕಂಡಿತು. 2003ರಲ್ಲಿ ವೆಂಕಟೇಶ್ ಎಂಬ ಸಂಶೋಧಕ ಮತ್ತು ಸಂಗಡಿಗರು ಇದರ ಜೊತೆಗೆ ಸುತ್ತಲಿನವರ ಮಾತು ಮತ್ತು ಬೇಕಾದ ಸೌಕರ್ಯ, ಇವೆರಡನ್ನೂ ಲೆಕ್ಕಕ್ಕೆ ತಂದರು. ಬಳಸಲೇಬೇಕು ಅನ್ನುವ ಕಡೆ, ಅದೂ ಶುರುವಿನಲ್ಲಿ, ಸುತ್ತಲಿನವರ ಮಾತು ಹೆಚ್ಚು ನಡೆಯುತ್ತದಂತೆ. ಧಾರವಾಡದ ಹುಡುಗರನ್ನು ನೋಡಿದರೆ ಇದು ನಿಜ ಅನಿಸುತ್ತದೆ.

ಅಂಕದ ಆಸೆಯೂ ಇದೆ. 2021ರಿಂದ ಶೇ 40ರಷ್ಟು ಕ್ರೆಡಿಟ್‌ವರೆಗೆ ಸ್ವಯಂ ಮೂಲಕ ಪಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅವಕಾಶ ಕೊಟ್ಟಿದೆ. ಆದರೆ ಬರೀ ಅಂಕಕ್ಕಾಗಿ ಸೇರಿದವರು ಅಸೈನ್‌ಮೆಂಟ್ ನಕಲು ಹೊಡೆದು ಸುಮ್ಮನಾಗುತ್ತಾರೆ. ಎನ್‌ಪಿಟಿಇಎಲ್‌ನಲ್ಲಿ ಅಸೈನ್‌ಮೆಂಟ್‌ಗೆ 25, ಕೊನೆಯ ಪರೀಕ್ಷೆಗೆ 75. ಆ ಪರೀಕ್ಷೆಯನ್ನು ಕೇಂದ್ರಕ್ಕೇ ಹೋಗಿ ಬರೆಯಬೇಕು. ಅಲ್ಲಿ ನಕಲು ಕೈ ಹಿಡಿಯುವುದಿಲ್ಲ.

ನನಗೆ ಧಾರವಾಡದ ರೀತಿಯೇ ಸರಿ ಅನಿಸುತ್ತದೆ. ಇಲ್ಲಿ ಮುಂಬೈಯ ಮಕ್ಕಳು ಶುರು ಮಾಡುವುದರಲ್ಲಿ ಮುಂದು. ಆದರೆ ಒಬ್ಬರೇ ಓದುತ್ತಾರೆ, ಒಂದು ಕಡೆ ಸಿಕ್ಕಿಬಿದ್ದರೆ ಅಲ್ಲಿಗೇ ಬಿಡುತ್ತಾರೆ. ಹಗಲಿಡೀ ಹೋಟೆಲಿನಲ್ಲಿ ದುಡಿದು ಮುಂಬೈಯ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹಿರಿಯರನ್ನು ಕೇಳಿ ನೋಡಿ. ಶಾಲೆಯ ಹೊತ್ತು ಅವರಿಗೆ ಹೊಂದುತ್ತಿತ್ತು ನಿಜ, ಆದರೆ ಅವರು ಮೊದಲು ನೆನೆಯುವುದು ಮೇಷ್ಟ್ರನ್ನೇ.

ಹಾಗಾಗಿ ಇಲ್ಲಿನ ಕಾಲೇಜುಗಳು ಆನ್‌ಲೈನ್ ಕೋರ್ಸಿಗೂ ವಾರಕ್ಕೆ ಒಂದು ಗಂಟೆ ಟೈಮ್‌ಟೇಬಲ್‌ನಲ್ಲೇ ಇಡಲಿ. ಡೌಟ್ ಕೇಳಲು ಒಬ್ಬರನ್ನು ಗೊತ್ತು ಮಾಡಲಿ. ನಮ್ಮ ಕನ್ನಡ ಸಂಘಗಳೂ ಭಾನುವಾರ ಬೆಳಿಗ್ಗೆ ಒಂದು ಕೋಣೆ, ವೈಫೈ ಬಿಟ್ಟುಕೊಡಬಹುದು. ಗಣಿತ, ಅಕೌಂಟ್ಸ್ ಹೇಳಿಕೊಡಬಲ್ಲ ನಿವೃತ್ತರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಕರೆಯೋಣ.