ಅಮ್ಮನವರಿಗೆ ಎಷ್ಟು ಒತ್ತಬೇಕು?

ಫೋನ್ ಹೊಡೆದುಕೊಂಡರೆ ಹತ್ತಿರ ಇದ್ದವರು ಎತ್ತಬೇಕು ಎಂಬುದು ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಕಾನೂನು. ಜಗಲಿಯ ಮೂಲೆಯಲ್ಲಿ ಲ್ಯಾಂಡ್‌ಲೈನ್ ಕುಳಿತಿದ್ದ ಕಾಲದಿಂದ ನಡೆದುಬಂದದ್ದು. ಕರೆ ಯಾರಿಗೆ ಎಂಬುದು ಆಮೇಲಿನ ಮಾತು. ಮೊದಲು ಎತ್ತಿ, ಆ ಕಡೆಯ ಮಳೆ ಬೆಳೆ ವಿಚಾರಿಸಿ, ಮನೆಮಂದಿಯ ಆರೋಗ್ಯ ಕೇಳಿ, ನಂತರ ಸಂಬಂಧಪಟ್ಟವರನ್ನು ಕೂಗಬೇಕು. ನಮ್ಮ ಕಂಪನಿಯ ಕ್ಲೌಡ್ ಫೋನ್ ವ್ಯವಸ್ಥೆಯನ್ನು ರೂಪಿಸಿದವರಿಗೆ ಈ ಕಾನೂನು ತಿಳಿದಿರಲಿಲ್ಲ. ಅವರ ಲೆಕ್ಕದಲ್ಲಿ ಒಂದು ಎಕ್ಸ್‌ಟೆನ್ಷನ್ (ಕಚೇರಿಯ ಒಳನಂಬರ್) ಎಂದರೆ ಒಬ್ಬ ಮನುಷ್ಯ.

ಕಂಪನಿ ಬೆಂಗಳೂರಿನದು, ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾರುತ್ತದೆ. ಅದು ಕೈಕೊಟ್ಟಾಗ ಗ್ರಾಹಕರ ಬೈಗುಳ ಕೇಳಿ ಸರಿಪಡಿಸುವುದು ನನ್ನ ಕೆಲಸ. ಹಿಂದೆ ಕಚೇರಿಯ ಮೂಲೆಯಲ್ಲಿ ಇರುತ್ತಿದ್ದ ಎಕ್ಸ್‌ಚೇಂಜ್ ಪೆಟ್ಟಿಗೆಯ ಕೆಲಸವನ್ನೆಲ್ಲ ಈಗ ಯಾವುದೋ ಡೇಟಾ ಸೆಂಟರಿನ ಸರ್ವರ್ ಮಾಡುತ್ತದೆ. ಗ್ರಾಹಕರು ಬೆಂಗಳೂರಿನ ನಂಬರ್ ಒತ್ತಿದರೆ ಕರೆ ಇಂಟರ್ನೆಟ್ ಹಿಡಿದು ಬಂದು ನನ್ನ ಲ್ಯಾಪ್‌ಟಾಪ್, ಮೊಬೈಲ್, ಟ್ಯಾಬ್ ಮೂರರಲ್ಲೂ ಒಟ್ಟಿಗೆ ಹೊಡೆದುಕೊಳ್ಳುತ್ತದೆ. "ನೀವು ಎಲ್ಲಿ ಕುಳಿತಿದ್ದೀರಿ ಎಂಬುದು ಗ್ರಾಹಕರಿಗೆ ಗೊತ್ತೇ ಆಗುವುದಿಲ್ಲ" ಎಂದು ತರಬೇತಿ ಕೊಟ್ಟ ಹುಡುಗ ಹೆಮ್ಮೆಯಿಂದ ಹೇಳಿದ್ದ. ಅವನು ನಮ್ಮ ಹುಂಜದ ದನಿ ಕೇಳಿರಲಿಲ್ಲ.

ಮಳೆಗಾಲದಲ್ಲಿ ಹುಂಜ ಸುಮ್ಮನಿರುತ್ತದೆ, ಆದರೆ ಅಂಗಳದ ತಗಡಿನ ಶೀಟು ಸುಮ್ಮನಿರುವುದಿಲ್ಲ. ಹಿನ್ನೆಲೆಯ ಗದ್ದಲವನ್ನು ಅಳಿಸುವ ಸೌಲಭ್ಯವೊಂದು ವ್ಯವಸ್ಥೆಯಲ್ಲಿದೆ. ಶೀಟಿನ ಮೇಲೆ ಆಷಾಢದ ಮಳೆ ಬೀಳುವಾಗ ಅದು ಮಳೆಯ ಜೊತೆ ನನ್ನನ್ನೂ ಅಳಿಸುತ್ತದೆ. ಇಬ್ಬರೂ ಮಾತು ನಿಲ್ಲಿಸಿದಾಗ ಲೈನ್ ಸತ್ತಿತೆಂದು ಗಾಬರಿಯಾಗಬಾರದಲ್ಲ, ಅದಕ್ಕೆಂದು ತಾನೇ ಸಣ್ಣಗೆ ಸುಯ್ಯೆನ್ನುವ ಸದ್ದೊಂದನ್ನು ಹುಟ್ಟಿಸಿ ತುಂಬುತ್ತದೆ. ಅಂದರೆ ಅಸಲಿ ಮಳೆಯನ್ನು ತೆಗೆದು, ಆ ಜಾಗದಲ್ಲಿ ನಕಲಿ ಮಳೆಯನ್ನು ಕೂರಿಸುತ್ತದೆ.

ಮಾತು ಇಂಟರ್ನೆಟ್ಟಿನಲ್ಲಿ ಇಡಿಯಾಗಿ ಹೋಗುವುದಿಲ್ಲ. ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಹೋಗುತ್ತದೆ. ದಾರಿಯಲ್ಲಿ ಕಳೆದುಹೋದ ತುಂಡನ್ನು ಮತ್ತೆ ಕಳಿಸುವ ಪದ್ಧತಿ ಇಲ್ಲ. ತಡವಾಗಿ ಬಂದ ಮಾತಿನಿಂದ ಏನು ಪ್ರಯೋಜನ? ಒಂದೆರಡು ತುಂಡು ಹೋದರೆ ಯಂತ್ರವೇ ಊಹಿಸಿ ತೇಪೆ ಹಾಕುತ್ತದೆ. ಸಾಲಾಗಿ ಹತ್ತಾರು ಹೋದರೆ ದೇವರೇ ಗತಿ. "ನಿಮ್ಮ ಹಣ ಬಂದಿ..." ಎಂಬಲ್ಲಿಗೆ ನನ್ನ ದನಿ ನಿಂತು, ಬಂದಿದೆಯೋ ಬಂದಿಲ್ಲವೋ ತಿಳಿಯದೆ ಹರಿಹರದ ವ್ಯಾಪಾರಿಯೊಬ್ಬರು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದರಂತೆ.

ಮಾವನವರಿಗೆ ಇದೆಲ್ಲ ನಗೆಪಾಟಲು. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ ತಾಮ್ರದ ತಂತಿಯಲ್ಲಿ 48 ವೋಲ್ಟ್ ಬರುತ್ತಿತ್ತು, ಹಾಗಾಗಿ ಊರಿಗೆ ಊರೇ ಕತ್ತಲಲ್ಲಿದ್ದರೂ ಫೋನಿಗೆ ಜೀವ ಇರುತ್ತಿತ್ತು ಎಂದು ಪ್ರತಿ ಸಲ ಕರೆಂಟು ಹೋದಾಗಲೂ ನೆನಪಿಸುತ್ತಾರೆ. ಹಾಗೆ ನೆನಪಿಸಲು ನಮ್ಮಲ್ಲಿ ಅವಕಾಶಕ್ಕೆ ಬರವಿಲ್ಲ.

ಅಂಥದ್ದೇ ಒಂದು ದಿನ ಮರದ ಕೊಂಬೆ ಮುರಿದು ಫೈಬರ್ ಕೇಬಲನ್ನೂ ಕರೆಂಟಿನ ತಂತಿಯನ್ನೂ ಒಟ್ಟಿಗೆ ಎಳೆದುಕೊಂಡು ಬಿತ್ತು. ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಇಲ್ಲ. ಮೊಬೈಲ್ ಹಿಡಿದು ಲೈನ್‌ಮ್ಯಾನನ್ನು ಹುಡುಕುತ್ತ ನಾನು ಗುಡ್ಡ ಹತ್ತಿದ್ದೆ. ಉಳಿದದ್ದು ಸಿಮ್ ಹಾಕಿದ ಟ್ಯಾಬ್. ಟವರಿನ ಸಿಗ್ನಲ್ ಮನೆಯೊಳಗೆ ಸಿಗುವ ಏಕೈಕ ಸ್ಥಳ ಅಡುಗೆಮನೆಯ ಕಿಟಕಿಯಾದ್ದರಿಂದ ಅದರ ಠಿಕಾಣಿ ಯಾವಾಗಲೂ ಅಲ್ಲೇ, ಉಪ್ಪಿನಕಾಯಿ ಭರಣಿಯ ಪಕ್ಕ. ಕರ್ತವ್ಯನಿಷ್ಠ ವ್ಯವಸ್ಥೆ ಅಲ್ಲಿಗೇ ಕರೆ ಕಳಿಸಿತು. ಅತ್ತೆಯವರು ಮನೆಯ ಕಾನೂನಿನಂತೆ ಎತ್ತಿದರು.

ಆ ಕಡೆ ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯವರು. ಜಿಎಸ್‌ಟಿ ಬಿಲ್ ಮುದ್ರಣವಾಗುತ್ತಿಲ್ಲವೆಂದು ಕೆಂಡವಾಗಿದ್ದರು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸೊಸೆ ಬಂದು ನೋಡುತ್ತಾಳೆ. ನಿಮ್ಮದು ಊರು ಯಾವುದಾಯಿತು?" ಎಂದರು. ಊರು ಚನ್ನಗಿರಿಯ ಕಡೆ, ನಾಲ್ಕೆಕರೆ ಅಡಿಕೆ ತೋಟ ಇದೆ ಎಂದು ಗೊತ್ತಾದ ಮೇಲೆ ಬಿಲ್ಲಿನ ವಿಷಯ ಯಾರಿಗೆ ಬೇಕು? ಎರಡನೆಯ ಔಷಧಿ ಹೊಡೆಸಿದಿರಾ ಎಂದು ಅತ್ತೆ ಕೇಳಿದರು. ಮಳೆ ಹೊಳವಾಗದೆ ಹೇಗೆ ಹೊಡೆಸುವುದು ಎಂದು ಅವರು ನಿಟ್ಟುಸಿರುಬಿಟ್ಟರು. ಅಲ್ಲಿಂದ ಮಾತು ಮುಕ್ಕಾಲು ಗಂಟೆ ನಡೆಯಿತು.

ಇದೆಲ್ಲ ನನಗೆ ತಿಳಿದದ್ದು ಮರುದಿನ, ಟೀಮ್ ಲೀಡ್ ಫೋನ್ ಮಾಡಿದಾಗ. ನಮ್ಮ ಕರೆಗಳೆಲ್ಲ ಧ್ವನಿಮುದ್ರಣವಾಗುತ್ತವೆ. ಕೃತಕ ಬುದ್ಧಿಮತ್ತೆ ಅವುಗಳ ಸಾರಾಂಶ ಬರೆದು ಮೇಲಿನವರಿಗೆ ಕಳಿಸುತ್ತದೆ. ಅವರು ಓದಿ ಹೇಳಿದರು: "ಗ್ರಾಹಕರ ಸಮಸ್ಯೆ: ಕೊಳೆ. ಸೂಚಿಸಿದ ಪರಿಹಾರ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಪರೀಕ್ಷೆ: ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುವುದು, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಗ್ರಾಹಕರ ಮನಸ್ಥಿತಿ: ಆರಂಭದಲ್ಲಿ ಸಿಟ್ಟು, ಕೊನೆಯಲ್ಲಿ ಬಹಳ ಸಂತೃಪ್ತಿ." ಆಮೇಲೆ ದನಿ ತಗ್ಗಿಸಿ ಕೇಳಿದರು, "ಈ ಕೊಳೆ ಎನ್ನುವುದು ನಮ್ಮ ತಂತ್ರಾಂಶದಲ್ಲಿ ಯಾವ ಮಾಡ್ಯೂಲ್?"

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಅವರಿಗೆ ಅಡಿಕೆಯ ಕೊಳೆ ರೋಗವನ್ನೂ ಅದಕ್ಕೆ ಹೊಡೆಸುವ ಈ ಬೋರ್ಡೋ ದ್ರಾವಣವನ್ನೂ ವಿವರಿಸಲು ನನಗೆ ಬೇಕಾದಷ್ಟು ಹೊತ್ತು, ಅತ್ತೆಯವರಿಗೆ ಜಿಎಸ್‌ಟಿ ವಿವರಿಸಲೂ ಬೇಕಾಗಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಅಂಗಡಿಯವರು ಆ ಕರೆಗೆ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರು. ಬಿಲ್ ಇನ್ನೂ ಮುದ್ರಣವಾಗುತ್ತಿರಲಿಲ್ಲ!

ಅವರು ಮತ್ತೆ ಕರೆ ಮಾಡಿದಾಗ ನಾನೇ ಸಿಕ್ಕಿದೆ. ಪ್ರಿಂಟರಿನ ಸೆಟ್ಟಿಂಗ್ ಬದಲಿಸಿದ್ದೇ ಬಿಲ್ ಬಂತು. ಟೀಮ್ ಲೀಡ್ ಕೂಡ ಕರೆಗೆ ಕಿವಿಗೊಟ್ಟಿದ್ದರು; ಗ್ರಾಹಕರಿಗೆ ಕೇಳದ ಹಾಗೆ ನಮ್ಮ ಕಿವಿಯಲ್ಲಷ್ಟೇ ಪಿಸುಗುಟ್ಟುವ ಸೌಲಭ್ಯ ಮೇಲಿನವರಿಗಿದೆ. ಅಂಗಡಿಯವರು ಥ್ಯಾಂಕ್ಸ್ ಹೇಳಲಿಲ್ಲ. "ಕನ್ನಡಕ್ಕೆ 1 ಒತ್ತಿ ಎನ್ನುತ್ತದೆ, ಒತ್ತಿದೆ. ಸಹಾಯಕ್ಕೆ 3 ಒತ್ತಿ ಎನ್ನುತ್ತದೆ, ಅದನ್ನೂ ಒತ್ತಿದೆ. ಅಮ್ಮನವರು ಬೇಕಾದರೆ ಎಷ್ಟು ಒತ್ತಬೇಕು ಮೇಡಂ?"

ನಾನು ತಡವರಿಸುತ್ತಿದ್ದಂತೆ ಟೀಮ್ ಲೀಡ್ ಕಿವಿಯಲ್ಲಿ ಪಿಸುಗುಟ್ಟಿದರು, "ಬೇಗ ಕೊಡಿ, ರೇಟಿಂಗ್ ಹಾಳಾದೀತು."