ಲಿನಕ್ಸ್ ಬಳಸುವವರು ಲೆಕ್ಕಕ್ಕಿಲ್ಲವೇ?

ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಪ್ರಸಾರ ಸಂಸ್ಥೆಯ ಜಾಲತಾಣದಲ್ಲಿ, ಲಿನಕ್ಸ್ (ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ತಂತ್ರಾಂಶ) ಇರುವ ಕಂಪ್ಯೂಟರಿನಿಂದ ವಿಡಿಯೊ ಒತ್ತಿದರೆ ಬರುವುದು ಕಪ್ಪು ಚೌಕ, ಅದರೊಳಗೆ ಒಂದು ಸಾಲು: ‘ವಿಂಡೋಸ್ ಅಥವಾ ಮ್ಯಾಕ್ ಬಳಸಿ.’ ಕೇಳಿದರೆ, ಲಿನಕ್ಸ್ ಬಳಸುವವರು ಬೆರಳೆಣಿಕೆಯಷ್ಟು ಎಂಬ ಸಿದ್ಧ ಉತ್ತರ. ಬಾಗಿಲು ಹಾಕಿಕೊಂಡು, ಯಾರೂ ಬರಲಿಲ್ಲವೆಂದು ದೂರಿದಂತಾಯಿತು!

ಬ್ರೌಸರ್ ತನ್ನ ಪರಿಚಯ ಹೇಳಿಕೊಳ್ಳುವ ‘ಯೂಸರ್ ಏಜೆಂಟ್’ ಸಾಲಿನಲ್ಲಿ ಲಿನಕ್ಸ್ ಅಳಿಸಿ ವಿಂಡೋಸ್ ಎಂದು ಬರೆದರೆ ಅದೇ ವಿಡಿಯೊ, ಅದೇ ಫೈರ್‌ಫಾಕ್ಸ್‌ನಲ್ಲಿ, ತಕರಾರಿಲ್ಲದೆ ಓಡುತ್ತದೆ. ಆದರೆ ಆಗ ಅವರ ಲೆಕ್ಕದಲ್ಲಿ ನಾವೂ ವಿಂಡೋಸ್‌ನವರೇ. ಸುಳ್ಳು ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ, ಆಮೇಲೆ ಆ ಸುಳ್ಳನ್ನೇ ಅಂಕಿಅಂಶವೆಂದು ನಮಗೇ ತೋರಿಸುತ್ತಾರೆ. (ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ, ಅದಕ್ಕೆ ಮಾತ್ರ ರಾಜಮರ್ಯಾದೆ.) ಮೊದಲು ಆ ತಡೆ ತೆಗೆಯಲಿ, ತಲೆ ಎಣಿಸುವುದು ಆಮೇಲಾಗಲಿ.